ಕ್ರೋನ್ಸ್, ಕೊಲೈಟಿಸ್ (ಕರುಳಿನ ಉರಿಯೂತದ ಕಾಯಿಲೆಗಳು) ಇರುವವರು ಮೂಳೆ ಹೇಗೆ ಕಾಪಾಡಿಕೊಳ್ಳುತ್ತೀರಿ?

ಪ್ರಶ್ನೆ: ನನ್ನ ತಂಗಿಗೆ 26 ವರ್ಷ, ಕ್ರೋನ್ಸ್ ಕಾಯಿಲೆ ಇದೆ. ಈಗಷ್ಟೇ ಪ್ರೆಡ್ನಿಸೋಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ ಶುರುವಾಗಿದೆ. ಸ್ಟೀರಾಯ್ಡ್‌ನಿಂದ ಮೂಳೆ ಸವೆಯುತ್ತದೆ ಅಂತ ಯಾರೋ ಹೇಳಿದರಂತೆ, ಮಾತ್ರೆಯನ್ನೇ ಬಿಡುತ್ತೇನೆ ಅನ್ನುತ್ತಿದ್ದಾಳೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಕ್ರೋನ್ಸ್ ಇರುವ ಒಬ್ಬರು: ದಯವಿಟ್ಟು ಬಿಡಲು ಕೊಡಬೇಡಿ. ಸ್ಟೀರಾಯ್ಡ್ ತೆಗೆದುಕೊಳ್ಳುತ್ತಾ ಹೋದಂತೆ ದೇಹ ತನ್ನದೇ ಸ್ಟೀರಾಯ್ಡ್ ಹಾರ್ಮೋನ್ ಆದ ಕಾರ್ಟಿಸಾಲ್ ತಯಾರಿಸುವುದನ್ನು ಕಡಿಮೆ ಮಾಡಿಬಿಡುತ್ತದೆ. ಏಕಾಏಕಿ ನಿಲ್ಲಿಸಿದರೆ ಅಪಾಯ. ಡಾಕ್ಟರು ಹೇಳಿದ ಲೆಕ್ಕದಲ್ಲೇ ಡೋಸ್ ಇಳಿಸಬೇಕು.

ಮೂಳೆ ಸವೆಯುವುದಕ್ಕೆ ಸ್ಟೀರಾಯ್ಡ್ ಒಂದೇ ಕಾರಣ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಕಾಯಿಲೆಯ ಪಾಲೂ ದೊಡ್ಡದು. ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಟಿಎನ್‌ಎಫ್‌ನಂಥ ಪ್ರೋಟೀನ್‌ಗಳು ಮೂಳೆ ಕರಗಿಸುವ ಜೀವಕೋಶಗಳನ್ನು ಕೆರಳಿಸುತ್ತವೆ. ಸಣ್ಣ ಕರುಳು ಹಾಳಾಗಿದ್ದರೆ, ಇಲ್ಲವೇ ಅದರ ಭಾಗ ತೆಗೆದಿದ್ದರೆ, ವಿಟಮಿನ್ ಡಿ ಸರಿಯಾಗಿ ಮೈಗೆ ಹತ್ತುವುದಿಲ್ಲ. ಕಾಯಿಲೆ ಹತೋಟಿಗೆ ಬಂದರೆ ಮೂಳೆಗೂ ಒಳ್ಳೆಯದೇ ಅಲ್ವಾ? ಅದಕ್ಕೇ ತಂಗಿಗೆ ಹೇಳಿ, ಡಾಕ್ಟರ ಹತ್ತಿರ ಇದನ್ನು ಕೇಳಲಿ: ಸ್ಟೀರಾಯ್ಡ್ ಯಾವಾಗ ಮುಗಿಯುತ್ತದೆ, ಆಮೇಲೆ ಯಾವ ಔಷಧ?

ಸ್ಟೀರಾಯ್ಡ್‌ನಿಂದ ಆಗುವ ನಷ್ಟ ಮೊದಲ ಕೆಲವು ತಿಂಗಳಲ್ಲೇ ಜಾಸ್ತಿ. ಕ್ಯಾಲ್ಸಿಯಂ, ವಿಟಮಿನ್ ಡಿ ಬೇಕೇ ಅಂತ ಈಗಲೇ ಕೇಳಬೇಕು, ಸ್ಟೀರಾಯ್ಡ್ ಮುಗಿದ ಮೇಲಲ್ಲ. ಕೋರ್ಸ್ 3 ತಿಂಗಳು ದಾಟುವಂತಿದ್ದರೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬಗ್ಗೆಯೂ ಕೇಳಿ. ನೋವಿಲ್ಲ, ಸುಮ್ಮನೆ ಮಲಗಿದರೆ ಸಾಕು. ರಿಪೋರ್ಟ್‌ನಲ್ಲಿ ಟಿ ಸ್ಕೋರ್ (ಆರೋಗ್ಯವಂತ ಯುವ ವಯಸ್ಕರ ಮೂಳೆಗೆ ಹೋಲಿಸಿದ ಅಂಕ) ನೋಡಿ ಗಾಬರಿಯಾಗಬೇಡಿ. ಅವಳ ವಯಸ್ಸಿಗೆ ನೋಡಬೇಕಾದದ್ದು ಜೆಡ್ ಸ್ಕೋರ್, ಅಂದರೆ ಅದೇ ವಯಸ್ಸಿನವರಿಗೆ ಹೋಲಿಸಿದ ಅಂಕ. ಅದು ಮೈನಸ್ 2 ಅಥವಾ ಅದಕ್ಕಿಂತ ಕೆಳಗಿದ್ದರೆ ವಯಸ್ಸಿಗೆ ತಕ್ಕಷ್ಟು ಸಾಂದ್ರತೆ ಇಲ್ಲ ಅಂತ ಅರ್ಥ.

ಇನ್ನೊಬ್ಬರು: ಕ್ಯಾಲ್ಸಿಯಂ ಮಾತ್ರೆ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಒಂದೇ ಸಲಕ್ಕೆ 500 ಮಿಲಿಗ್ರಾಂಗಿಂತ ಜಾಸ್ತಿ ತೆಗೆದುಕೊಂಡರೆ ದೇಹ ಅಷ್ಟನ್ನೂ ಚೆನ್ನಾಗಿ ಹೀರಿಕೊಳ್ಳುವುದಿಲ್ಲ, ಬೆಳಿಗ್ಗೆ ಸಂಜೆ ಅಂತ ಹಂಚಿಕೊಳ್ಳಿ. ಮಾತ್ರೆ ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಊಟದ ಜೊತೆ. ಆಸಿಡಿಟಿಗೆ ಪ್ಯಾಂಟೊಪ್ರಜೋಲ್ ನುಂಗುವವರಿಗೆ ಕ್ಯಾಲ್ಸಿಯಂ ಸಿಟ್ರೇಟ್ ವಾಸಿ. ಹೊಟ್ಟೆ ಕೆಟ್ಟಿದೆ ಅಂತ ಹಾಲು ಮೊಸರು ಪೂರ್ತಿ ಬಿಡುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ನಿಜವಾಗಿ ಒಗ್ಗದಿದ್ದರೆ ಸರಿ, ಭಯಕ್ಕೆ ಬಿಡಬೇಡಿ. ಹುಷಾರಾದ ಮೇಲೆ ನಡಿಗೆ, ಸ್ವಲ್ಪ ಭಾರ ಎತ್ತುವ ವ್ಯಾಯಾಮ ಇರಲಿ. ಸಿಗರೇಟು ಸೇದುವವರಿದ್ದರೆ ಬಿಡಲೇಬೇಕು, ಅದು ಕ್ರೋನ್ಸ್‌ಗೂ ಕೆಟ್ಟದ್ದು, ಮೂಳೆಗೂ ಕೆಟ್ಟದ್ದು.

ಅಂದಹಾಗೆ, ಮೂಳೆಗೆಂದು ಅಲೆಂಡ್ರೊನೇಟ್‌ನಂಥ ಮಾತ್ರೆ ಬರೆದರೆ, ಮುಂದೆ ಮಗು ಬೇಕು ಅನ್ನುವ ಯೋಚನೆಯನ್ನು ತಂಗಿ ಮೊದಲೇ ಹೇಳಲಿ. ಅದು ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಗರ್ಭಿಣಿಯಾಗುವ ಹೊತ್ತಿಗೂ ಮೈಯಲ್ಲಿ ಇರಬಹುದು.

ಕೊಲೈಟಿಸ್ ಇರುವ ಹುಡುಗನ ಅಮ್ಮ: ಸ್ಟೀರಾಯ್ಡ್ ತೆಗೆದುಕೊಂಡವರಿಗೆ ತೊಡೆಸಂದಿಯಲ್ಲಿ, ಸೊಂಟದ ಕೀಲಿನಲ್ಲಿ ನೋವು ಬಂದರೆ ಉಳುಕು ಅಂತ ಸುಮ್ಮನಿರಬೇಡಿ. ರಕ್ತ ಸಂಚಾರ ನಿಂತು ಕೀಲಿನ ಮೂಳೆ ಸಾಯುವ ತೊಂದರೆಯೂ ಅಪರೂಪಕ್ಕೆ ಬರುತ್ತದೆ, ಚಿಕ್ಕ ವಯಸ್ಸಿನವರಿಗೂ. ಶುರುವಿನಲ್ಲಿ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು. ನೋವು ಹೋಗದಿದ್ದರೆ ಎಂಆರ್‌ಐ ಬೇಕೇ ಅಂತ ನೀವೇ ಕೇಳಿ.