ಆನ್‌ಲೈನ್ ತೂಕ ಇಳಿಸುವ ಪ್ರೋಗ್ರಾಂಗೆ ದುಡ್ಡು ಕಟ್ಟಬಹುದಾ?

ಪ್ರಶ್ನೆ (ದಾವಣಗೆರೆ ಸದಸ್ಯೆ):
ಮೇಡಂ, ನಮಸ್ಕಾರ. ನನಗೆ 38 ವರ್ಷ, ಎತ್ತರ 5 ಅಡಿ 2 ಇಂಚು, ತೂಕ 76 ಕೆಜಿ. ಥೈರಾಯ್ಡ್‌ಗೆ ದಿನಾ ಮಾತ್ರೆ ಇದೆ. ಮಕ್ಕಳ ಡಬ್ಬಿ, ಆಫೀಸು ಅಂತ ಜಿಮ್ಮಿಗೆ ಹೋಗಲು ಟೈಮೇ ಸಿಗುವುದಿಲ್ಲ. ಮೊಬೈಲಿನಲ್ಲಿ ಒಂದು ಪ್ರೋಗ್ರಾಂ ನೋಡಿದೆ. 6 ವಾರದಲ್ಲಿ 12 ಕೆಜಿ ಇಳಿಸುತ್ತಾರಂತೆ. 9,999 ರೂಪಾಯಿ. ಬೆಳಗ್ಗೆ ಎದ್ದ ತಕ್ಷಣ ಅವರದೇ ಪೌಡರ್‌ನ ಶೇಕ್ ಕುಡಿಯಬೇಕು. ಸೇರಲಾ?

ಉತ್ತರ (ಡಯಟೀಷಿಯನ್):
ನಮಸ್ಕಾರ. ದುಡ್ಡು ಕಟ್ಟುವ ಮೊದಲು ಒಂದು ಮಾತು ಹೇಳಿ. ನೀವು ಯಾವ ಮಾತ್ರೆ ನುಂಗುತ್ತೀರಿ ಅಂತ ಅವರು ಕೇಳಿದರಾ?

ಯಾಕೆಂದರೆ ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ ಆಗಬೇಕು. ಅದಾದ ಮೇಲೆ ಅರ್ಧದಿಂದ ಒಂದು ಗಂಟೆ ನೀರು ಬಿಟ್ಟು ಏನೂ ಬೇಡ. ಕ್ಯಾಲ್ಸಿಯಂ, ಕಬ್ಬಿಣ ಬೆರೆತ ಪೌಡರ್ ಆದರೆ ನಾಲ್ಕು ಗಂಟೆ ಅಂತರ ಬೇಕು. ಸೋಯಾ ಇದ್ದರೂ ಮಾತ್ರೆ ಮೈಗೆ ಸರಿಯಾಗಿ ಹತ್ತದೇ ಇರಬಹುದು. ಮಾತ್ರೆಯ ಹಿಂದೆಯೇ ಶೇಕ್ ಕುಡಿದರೆ ಟಿಎಸ್‌ಎಚ್ (ಥೈರಾಯ್ಡ್ ಕಡಿಮೆಯಾದಾಗ ಏರುವ ರಕ್ತಪರೀಕ್ಷೆಯ ಅಂಕಿ) ಏರಬಹುದು. ಆಗ ಸುಸ್ತು, ಊತ, ಮತ್ತೆ ತೂಕ. ಡಬ್ಬಿಯ ಹಿಂದಿನ ಚೀಟಿ ಓದಿ.

ಇನ್ನು 12 ಕೆಜಿ. ವಾರಕ್ಕೆ ಅರ್ಧದಿಂದ ಒಂದು ಕೆಜಿ ಇಳಿದರೆ ಸಾಕು, ಇವರು ಎರಡು ಕೆಜಿ ಅನ್ನುತ್ತಿದ್ದಾರೆ. ಅನ್ನ, ರೊಟ್ಟಿ ಬಿಟ್ಟರೆ ಮೊದಲ ವಾರ ಮುಳ್ಳು ಸರ್ರನೆ ಇಳಿಯುವುದು ನಿಜ. ಆದರೆ ಅದರಲ್ಲಿ ಬಹುಪಾಲು ನೀರು. ಮೈಯಲ್ಲಿ ಕೂಡಿಟ್ಟ ಒಂದು ಗ್ರಾಂ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಅದರ ಜೊತೆ ಸುಮಾರು ಮೂರು ಗ್ರಾಂ ನೀರಿರುತ್ತದೆ, ಎರಡೂ ಒಟ್ಟಿಗೇ ಹೋಗುತ್ತವೆ. ಜಾಹೀರಾತಿನ ಫೋಟೋಗಳೆಲ್ಲ ಈ ಖುಷಿಯ ವಾರದವೇ ಇರಬೇಕು ಅಂತ ನನಗೊಂದು ಗುಮಾನಿ! ತೀರಾ ವೇಗವಾಗಿ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯವೂ ಇದೆ.

ಹಾಗಂತ ಆನ್‌ಲೈನ್ ಅಂದರೆಲ್ಲ ಮೋಸ ಅಲ್ಲ. ವಾರಕ್ಕೊಮ್ಮೆ ಫೋನ್ ಮಾಡಿ "ಏನು ತಿಂದಿರಿ, ನಿದ್ದೆ ಹೇಗಿದೆ?" ಅಂತ ಕೇಳುವವರು ಇದ್ದರೆ ತುಂಬಾ ಜನರಿಗೆ ಅದೇ ದೊಡ್ಡ ಬಲ. ಬಸ್ಸು ಹತ್ತಿ ಕ್ಲಿನಿಕ್ಕಿಗೆ ಬರುವುದೂ ತಪ್ಪುತ್ತದೆ. ಆದರೆ ಆ ಕಡೆ ಇರುವವರು ಯಾರು ಅಂತ ನೋಡಿ. ನಮ್ಮಲ್ಲಿ ಯಾರು ಬೇಕಾದರೂ ‘ಕೋಚ್’ ಅಂತ ಬೋರ್ಡು ಹಾಕಿಕೊಳ್ಳುತ್ತಾರೆ. ರಿಜಿಸ್ಟರ್ಡ್ ಡಯಟೀಷಿಯನ್, ಅಂದರೆ ‘ಆರ್‌ಡಿ’, ಆಗಲು ಓದು, ತರಬೇತಿ, ಪರೀಕ್ಷೆ ಎಲ್ಲ ಬೇಕು.

ಇನ್ನೊಬ್ಬ ಸದಸ್ಯರು:
ಮೇಡಂ, ನಮ್ಮ ಯಜಮಾನರಿಗೆ ಶುಗರ್. ಹೋದ ವರ್ಷ ಇಂಥದ್ದೇ ಒಂದಕ್ಕೆ ಸೇರಿ ಮಧ್ಯಾಹ್ನದ ಊಟ ಬಿಟ್ಟರು, ಮಾತ್ರೆ ಬಿಡಲಿಲ್ಲ. ನಾಲ್ಕನೇ ದಿನ ಕೈ ನಡುಗಿ, ಬೆವರಿ ಕೂತುಬಿಟ್ಟರು. ಬೆಲ್ಲ ಕೊಟ್ಟು ಆಸ್ಪತ್ರೆಗೆ ಓಡಿದೆವು. ದುಡ್ಡು ಮಾತ್ರ ತಿಂಗಳು ತಿಂಗಳು ಕಟ್ ಆಗ್ತಾನೇ ಇತ್ತು.

ಉತ್ತರ:
ಬೆಲ್ಲ ಕೊಟ್ಟು ಒಳ್ಳೇದು ಮಾಡಿದಿರಿ. ಗ್ಲಿಮಿಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲು ಡೋಸ್ ಬಗ್ಗೆ ಡಾಕ್ಟರನ್ನು ಕೇಳಲೇಬೇಕು. ಕಟ್ ಆಗುವ ದುಡ್ಡನ್ನು ನಿಮ್ಮ ಯುಪಿಐ ಆ್ಯಪಿನಲ್ಲೇ ‘ಆಟೋಪೇ’ಗೆ ಹೋಗಿ ನಿಲ್ಲಿಸಬಹುದು. ದೂರು ಕೊಡಲು ಗ್ರಾಹಕ ಸಹಾಯವಾಣಿ 1915 ಇದೆ.

ದಾವಣಗೆರೆ ಸದಸ್ಯೆ:
ಈಗಷ್ಟೇ ಅವರಿಗೆ ಮಾತ್ರೆ ವಿಷಯ ಮೆಸೇಜ್ ಮಾಡಿದೆ ಮೇಡಂ. "ಇವತ್ತೇ ಸೇರಿದರೆ 2,000 ರೂಪಾಯಿ ಕಡಿಮೆ" ಅಂತ ಉತ್ತರ ಬಂತು! ಹಾಗಾದರೆ ಊಟ ಬರೆದಿಡುವ ಬಿಟ್ಟಿ ಆ್ಯಪ್ ಸಾಕಾ?

ಉತ್ತರ:
ನೋಡಿ, ಅವರೇ ನಿಮಗೆ ಉತ್ತರ ಕೊಟ್ಟರಲ್ಲ. ಬಿಟ್ಟಿ ಆ್ಯಪಿನಿಂದಲೇ ಶುರುಮಾಡಿ, ಆದರೆ ಲೆಕ್ಕವನ್ನು ಪೂರ್ತಿ ನಂಬಬೇಡಿ. ಒಗ್ಗರಣೆಗೆ ‘ಒಂದು ಚಮಚ ಎಣ್ಣೆ’ ಅಂತ ಬರೆಯುತ್ತೀರಿ. ಟೀ ಚಮಚವಾದರೆ ಸುಮಾರು 40 ಕ್ಯಾಲೊರಿ, ಟೇಬಲ್ ಚಮಚವಾದರೆ 120. ಒಂದು ಭಾನುವಾರ ಎಣ್ಣೆ ಪ್ಯಾಕೆಟ್ ಕತ್ತರಿಸಿದ ತಾರೀಕು ಬರೆದಿಡಿ, ಎಷ್ಟು ದಿನ ಬಂತು ನೋಡಿ. ಸೊಂಟದ ಸುತ್ತಳತೆಯನ್ನೂ ಟೇಪಿನಲ್ಲಿ ಅಳೆಯಿರಿ. ನಮ್ಮ ಹೆಂಗಸರಿಗೆ 80 ಸೆಂಟಿಮೀಟರ್ ಒಳಗಿದ್ದರೆ ಒಳ್ಳೇದು. ಟಿಎಸ್‌ಎಚ್ ಟೆಸ್ಟ್ ಮಾಡಿಸಿ ಎಷ್ಟು ದಿನ ಆಯಿತು?

ದಾವಣಗೆರೆ ಸದಸ್ಯೆ:
ಒಂದೂವರೆ ವರ್ಷ ಆಗಿರಬೇಕು ಮೇಡಂ. ನಾಳೆಯೇ ಹೋಗುತ್ತೇನೆ. ಸಂಜೆ ಮಂಡಕ್ಕಿ ಮೆಣಸಿನಕಾಯಿ ಬಿಡಬೇಕಾ?

ಉತ್ತರ:
ದಾವಣಗೆರೆಯವರಿಗೆ ಅದನ್ನು ಬಿಡಿ ಅನ್ನಲು ನನಗೆ ಧೈರ್ಯ ಇಲ್ಲಮ್ಮ. ಮಂಡಕ್ಕಿ ಇರಲಿ, ಮೆಣಸಿನಕಾಯಿ ಬಜ್ಜಿ ವಾರಕ್ಕೊಂದು ಸಲ ಸಾಕು. ರಿಪೋರ್ಟ್ ಬಂದ ಮೇಲೆ ಇಲ್ಲೇ ಹಾಕಿ.