ಲೆನ್ಸಿನ ಒಂದೇ ಮೂಲೆ ಮಸುಕು: ಮನೆಯಲ್ಲಿ ಪರೀಕ್ಷಿಸುವುದು ಹೇಗೆ?

ಪ್ರಶ್ನೆ: ಸೆಕೆಂಡ್‌ಹ್ಯಾಂಡ್ 50 ಎಂಎಂ ಎಫ್/1.8 ಲೆನ್ಸ್, ಫುಲ್‌ಫ್ರೇಮ್ (36 × 24 ಎಂಎಂ ಸೆನ್ಸರಿನ) ಕ್ಯಾಮೆರಾ. ಚಿತ್ರದ ಬಲ ಮೇಲ್ಮೂಲೆ ಮಾತ್ರ ಮಸುಕು. ದೋಷ ಲೆನ್ಸಿನದೋ, ಕ್ಯಾಮೆರಾ ಓರೆಯಾಗಿತ್ತೋ? ಹಿಂತಿರುಗಿಸುವ ಮುನ್ನ ಖಚಿತವಾಗಬೇಕು.

ಉತ್ತರ 1: ಟ್ರೈಪಾಡನ್ನು ಗೋಡೆಯಿಂದ 2.5 ಮೀಟರ್ ದೂರ ಇಡಿ. ಚೌಕಟ್ಟಿಗೆ ಸುಮಾರು 1.8 × 1.2 ಮೀಟರ್ ಗೋಡೆ ಸಿಗುತ್ತದೆ; ಅಷ್ಟಕ್ಕೂ ದಿನಪತ್ರಿಕೆಯ ಹಾಳೆಗಳನ್ನು ಸುಕ್ಕಿಲ್ಲದೆ ಅಂಟಿಸಿ. ನಡುವೆ ಚಪ್ಪಟೆ ಕನ್ನಡಿಯೊಂದನ್ನು ಗೋಡೆಗೆ ಒತ್ತಿ ಹಿಡಿಸಿ. ಲೆನ್ಸಿನ ಪ್ರತಿಬಿಂಬ ಚೌಕಟ್ಟಿನ ನಟ್ಟನಡುವೆ ಕಂಡರೆ ಕ್ಯಾಮೆರಾ ನೇರವಾಗಿದೆ. ಈ ಹೆಜ್ಜೆ ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಐಎಸ್‌ಒ 100, 2 ಸೆಕೆಂಡ್ ಟೈಮರ್, ಸ್ಟೆಬಿಲೈಸೇಶನ್ (ಅಲುಗಾಟ ತಡೆಯುವ ಸೌಲಭ್ಯ) ಆಫ್. ಲೈವ್ ವ್ಯೂ ಹಿಗ್ಗಿಸಿ ನಡುವೆ ಫೋಕಸ್ ಮಾಡಿ, ಅಪರ್ಚರ್ (ಬೆಳಕು ಒಳಬರುವ ರಂಧ್ರ) ಎಫ್/1.8, 2.8, 5.6ರಲ್ಲಿ ತೆಗೆಯಿರಿ.

ಉತ್ತರ 2: ಆಮೇಲೆ ಕ್ಯಾಮೆರಾವನ್ನು ತಲೆಕೆಳಗು ಮಾಡಿ, ಕನ್ನಡಿಯಲ್ಲಿ ಮತ್ತೆ ನೇರ ನೋಡಿ ತೆಗೆಯಿರಿ. ಆಟೋ ರೊಟೇಟ್ (ಚಿತ್ರವನ್ನು ತಾನೇ ತಿರುಗಿಸಿ ತೋರಿಸುವ ಸೌಲಭ್ಯ) ಆಫ್ ಇರಲಿ. ಚಿತ್ರದ ಅದೇ ಮೂಲೆ ಮಸುಕಾದರೆ ದೋಷ ಲೆನ್ಸ್ ಅಥವಾ ಮೌಂಟಿನದು (ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಬಳೆ). ಇನ್ನೊಂದು ಲೆನ್ಸ್ ಹಾಕಿ ನೋಡಿದರೆ ಯಾವುದೆಂದು ತಿಳಿಯುತ್ತದೆ. ಗೋಡೆಯ ಅದೇ ಜಾಗ ಮಸುಕಾದರೆ ಜೋಡಣೆಯದೇ ತಪ್ಪು, ಲೆನ್ಸನ್ನು ದೂರಬೇಡಿ.

ಉತ್ತರ 3: ಎಫ್/1.8ರಲ್ಲಿ ನಾಲ್ಕೂ ಮೂಲೆ ಸಮನಾಗಿ ಮೆತ್ತಗಿರುವುದು ಸಹಜ. ಮೂಲೆಗೇ ಫೋಕಸ್ ಮಾಡಿದಾಗ ಅದು ಚೂಪಾದರೆ, ಫೋಕಸ್ ಸಮತಲ (ಚೂಪಾಗಿ ಮೂಡುವ ಪದರ) ಬಾಗಿದೆ ಎಂದರ್ಥ. ಒಂದೇ ಮೂಲೆ ಎಫ್/5.6ರಲ್ಲೂ ಹಿಂದುಳಿದರೆ ಹಿಂತಿರುಗಿಸಿ.