ಮೇಲ್ರೆಪ್ಪೆ ಸರ್ಜರಿ: ಮಗಳ ಮದುವೆಗೆ ಐದೇ ವಾರ, ಮಾಡಿಸಲಾ?

ಅಂಗಡಿ ಅಕ್ಕ, ತುಮಕೂರು

ನನಗೆ 51. ಬಟ್ಟೆ ಅಂಗಡಿ ಇಟ್ಟಿದ್ದೀನಿ. ಎರಡು ಮೂರು ವರ್ಷದಿಂದ ಮೇಲ್ರೆಪ್ಪೆ ಜೋತುಬಿದ್ದಿದೆ, ಕಾಡಿಗೆ ಹಚ್ಚಿದರೆ ಅರ್ಧ ಗಂಟೆಗೆ ಮಡಿಕೆಯೊಳಗೆ ಮೆತ್ತಿಕೊಳ್ಳುತ್ತೆ. ಬರೋ ಗಿರಾಕಿಗಳೆಲ್ಲ ‘ರಾತ್ರಿ ನಿದ್ದೆ ಮಾಡಿಲ್ವಾ ಅಕ್ಕ’ ಅಂತಾರೆ. ಕಣ್ಣಿನ ಕೆಳಗೆ ಕಪ್ಪೂ ಇದೆ, ಚೀಲದ ಥರ ಉಬ್ಬೂ ಇದೆ. ಒಂದು ಬ್ಯೂಟಿ ಕ್ಲಿನಿಕ್‌ಗೆ ವಾಟ್ಸಾಪಲ್ಲಿ ಫೋಟೋ ಕಳಿಸಿದೆ. ‘ಮೇಲೆ ಕೆಳಗೆ ಎರಡೂ ಒಂದೇ ದಿನ ಮಾಡ್ತೀವಿ, ಮೂರೇ ದಿನಕ್ಕೆ ನಾರ್ಮಲ್’ ಅಂದರು. ಬಿ.ಪಿ. ಮಾತ್ರೆ, ಆಸ್ಪಿರಿನ್ ಎರಡೂ ತಗೋತೀನಿ. ಮಾಡಿಸಿಕೊಂಡವರು ಯಾರಾದರೂ ಇದ್ದೀರಾ?

ಬೈರ

ಮದುವೆ ಮಗಳದ್ದು ತಾನೇ? ಫೋಟೋಗ್ರಾಫರ್ ನಿಮ್ಮ ರೆಪ್ಪೆ ನೋಡಲ್ಲ ಬಿಡಿ.

ಗಣಿತ ಟೀಚರ್, ಹುಬ್ಬಳ್ಳಿ

ಬೈರಣ್ಣ, ನಿಮಗ 51 ಆದ ಮ್ಯಾಲ ಮಾತಾಡೋಣಂತ.

ಅಕ್ಕಾರ, ನಾನು ಹೈಸ್ಕೂಲಿನ್ಯಾಗ ಗಣಿತ ಕಲಿಸಿ ರಿಟೈರ್ ಆದಾಕಿ. ಹೋದ ವರ್ಷ ಶ್ರಾವಣ ಮುಗಿದ ಮ್ಯಾಲ ಎರಡೂ ಮ್ಯಾಲಿನ ರೆಪ್ಪಿ ಮಾಡಿಸ್ಕೊಂಡೆ. ಚಂದಕ್ಕಲ್ಲ, ದೃಷ್ಟಿಗೆ ಅಡ್ಡ ಆಗತಿತ್ತು ಅಂತ ಮನ್ಯಾಗ ಹೇಳೀನಿ. ಖರೇ ಹೇಳಬೇಕಂದ್ರ ಅರ್ಧ ಚಂದಕ್ಕೂ ಹೌದು.

ಫೋಟೋ ನೋಡಿ ಆಪರೇಶನ್ ಗೊತ್ತುಮಾಡೋರ ಹಂತ್ಯಾಕ ಹೋಗಬ್ಯಾಡ್ರಿ. ಜೋತುಬಿದ್ದದ್ದು ಯಾವುದು ಅನ್ನೋದ ಮೊದಲ ಪ್ರಶ್ನೆ. ಚರ್ಮ ಹೆಚ್ಚಾಗಿ ಪರದೆ ಹಂಗ ಇಳಿದಿರಬಹುದು. ಇಲ್ಲಾ ರೆಪ್ಪಿ ಎತ್ತೋ ಸ್ನಾಯುನ ಸಡಿಲ ಆಗಿರಬಹುದು, ಅದಕ್ಕ ಟೋಸಿಸ್ ಅಂತಾರ. ಇಲ್ಲಾ ಹುಬ್ಬ ಕೆಳಗ ಸರಿದಿರಬಹುದು. ಸ್ನಾಯು ಸಡಿಲ ಇದ್ದಲ್ಲೆ ಬರೇ ಚರ್ಮ ಕತ್ತರಿಸಿದ್ರ ಕಣ್ಣು ಮತ್ತ ಹಂಗ ಅರ್ಧ ಮುಚ್ಚಿದಂಗ ಇರತೈತಿ. ಹುಬ್ಬ ಇಳಿದಲ್ಲೆ ಕತ್ತರಿಸಿದ್ರ ಅದು ಇನ್ನೂ ಕೆಳಗ ಎಳೀತೈತಿ.

ನಾನು ಹೋದದ್ದು ಆಕ್ಯುಲೊಪ್ಲಾಸ್ಟಿ ಡಾಕ್ಟರ ಹಂತ್ಯಾಕ, ಅಂದ್ರ ಕಣ್ಣಿನ ಡಾಕ್ಟರಾಗಿ ರೆಪ್ಪಿ ಕೆಲಸಾನ ಬ್ಯಾರೆ ಕಲಿತವರು. ಟಾರ್ಚ್ ಬಿಟ್ಟು, ಪಾಪೆ ನಡುವಿನ ಬೆಳಕಿನ ಚುಕ್ಕಿಯಿಂದ ರೆಪ್ಪಿ ಅಂಚಿನ ತನಕ ಸ್ಕೇಲ್ ಹಿಡಿದು ಅಳದರು. 4-5 ಮಿಲಿಮೀಟರ್ ಇದ್ರ ಸರಿ. ನಂದು 4. ಆಮ್ಯಾಲ ಹಣಿ ಮ್ಯಾಲ ಕೈ ಇಟ್ಟು ‘ಹುಬ್ಬ ಸಡಿಲ ಬಿಡ್ರಿ’ ಅಂದ್ರು. ಬಿಟ್ಟೆ, ಮುಂದಿನ ಗ್ವಾಡಿ ಅರ್ಧ ಮಾಯ! ಎಷ್ಟೋ ವರ್ಷ ಹುಬ್ಬ ಏರಿಸ್ಕೊಂಡ ಪಾಠ ಮಾಡೀನಿ ಅಂತ ಆವತ್ತ ಗೊತ್ತಾತು. ಸಂಜಿ ಹಣಿ ನೋವಿಗೆ ನಾಕು ಸಲ ಚಸ್ಮಾ ಬದಲಿಸಿದ್ದೆ ನಾನು.

ಎಷ್ಟು ತಗೀತೀರಿ ಅಂತ ಕೇಳ್ರಿ. ಹುಬ್ಬಿನಿಂದ ರೆಪ್ಪಿಗೂದಲಿನ ತನಕ ಕಮ್ಮಿ ಅಂದ್ರೂ 20 ಮಿಲಿಮೀಟರ್ ಚರ್ಮ ಉಳಿಸ್ತಾರ. ಇಲ್ಲಂದ್ರ ಮಲಗಿದಾಗ ಕಣ್ಣು ಪೂರ್ತಿ ಮುಚ್ಚಂಗಿಲ್ಲ. ಹೆಚ್ಚು ಉಳಿದ್ರ ಇನ್ನೊಮ್ಮೆ ತಗೀಬಹುದು, ಕಮ್ಮಿ ಬಿದ್ರ ಬ್ಯಾರೆ ಕಡೆಯ ಚರ್ಮ ತಂದು ಹಚ್ಚಬೇಕಾಕ್ಕೈತಿ. ನಮ್ಮ ಓಣಿಯ ವೈದ್ಯರು ತೋರಿಸಿದ್ರು: ಸುಶ್ರುತ ಸಂಹಿತಾದಾಗ, ರೆಪ್ಪಿಗೂದಲು ಒಳಗ ಚುಚ್ಚೋ ರೋಗಕ್ಕ, ಹುಬ್ಬಿನ ಕಡೆ ಎರಡು ಪಾಲು, ಕೂದಲಿನ ಕಡೆ ಒಂದು ಪಾಲು ಬಿಟ್ಟು, ಜವೆ ಕಾಳಿನ ಆಕಾರದಾಗ ಚರ್ಮ ತಗದು ಕೂದಲೆಳಿಯಿಂದ ಹೊಲೀರಿ ಅಂತೈತಿ. ಪ್ರಮಾಣದ ಲೆಕ್ಕ ಆಗಿಂದನೂ ಐತಿ ನೋಡ್ರಿ.

ಆಪರೇಶನ್ ಅಂದ್ರ ರೆಪ್ಪಿಗೊಂದು ಸೂಜಿ, ಅದಷ್ಟ ಚುರುಕ್ ಅಂದದ್ದು. ಎಚ್ಚರ ಇದ್ದೆ. ರಕ್ತ ನಿಲ್ಲಸಾಕ ಸುಡೂಮುಂದ ಕೂದಲು ಸುಟ್ಟಂಗ ವಾಸನಿ, ಅದಕ್ಕ ಹೆದರಬ್ಯಾಡ್ರಿ. ಒಂದು ತಾಸಿನ್ಯಾಗ ಮುಗೀತು. ಮೂರನೇ ದಿನ ಬಾವು ಎಲ್ಲಕ್ಕಿಂತ ಹೆಚ್ಚು. ನಿಮಗ ‘ನಾರ್ಮಲ್’ ಅಂದಾರಲ್ಲ, ಅದ ದಿನ! ಕಪ್ಪು-ನೀಲಿ ಗಲ್ಲದ ತನಕ ಇಳಿದಿತ್ತು, ಹಾಲಿನವ ‘ಟೀಚರ್, ಯಾರ್ ಹೊಡದ್ರಿ?’ ಅಂದ. ಆರನೇ ದಿನ ಹೊಲಿಗಿ ಬಿಚ್ಚಿದ್ರು. ಎರಡು ವಾರಕ್ಕ ಮಂದಿ ಮುಂದ ಹೋಗೋ ಹಂಗಾತು, ಗೆರಿ ಕೆಂಪು ಹೋಗಾಕ ಮೂರು ತಿಂಗಳು ಹಿಡೀತು. ಐದು ವಾರದಾಗ ಏನರ ಎಡವಟ್ಟಾದ್ರ ಸರಿಮಾಡಾಕ ಟೈಮ್ ಎಲ್ಲೈತಿ?

ಕೆಳಗಿನ ರೆಪ್ಪಿದು ಬ್ಯಾರೆ ಕತಿ. ಉಬ್ಬಿದ್ದು ಕೊಬ್ಬು, ಅದನ್ನ ತಗೀಬಹುದು. ಚರ್ಮದ ಬಣ್ಣಾನ ಕಪ್ಪಿದ್ರ ಕತ್ತರಿಯಿಂದ ಹೋಗಂಗಿಲ್ಲ. ಅಲ್ಲೆ ಚರ್ಮ ಹೆಚ್ಚು ತಗದ್ರ ರೆಪ್ಪಿ ಹೊರಗ ಮಗಚಿ ನೀರು ಸುರೀತಾವ.

ಇನ್ನ, ರಾತ್ರಿ ಫೋನ್ ಯಾರು ಎತ್ತತಾರ ಅಂತ ಮೊದಲ ಕೇಳಿಟ್ಕೊಳ್ರಿ. ಕಣ್ಣಿನ ಹಿಂದ ರಕ್ತ ಕಟ್ಟೋದು ಭಾಳ ಅಪರೂಪ, ಆದ್ರ ಹಂಗೇನರ ಆತಂದ್ರ ದೃಷ್ಟಿನ ಹೋಗಬಹುದು. ಜೋರು ನೋವು, ಗುಡ್ಡಿ ಹೊರಗ ಬಂದಂಗ ಆಗೋದು, ಮಂಜು ಮಂಜು ಕಾಣೋದು. ಇಂಥದ್ದು ಕಂಡ್ರ ಮುಂಜಾನಿ ತನಕ ಕಾಯಬಾರದು. ಆಸ್ಪಿರಿನ್ ತಗೊಂಡ್ರ ರಕ್ತ ಲಗೂನ ನಿಲ್ಲಂಗಿಲ್ಲ, ಅದಕ್ಕ ಆ ವಿಷಯ ಮುಚ್ಚಿಡಬ್ಯಾಡ್ರಿ, ನೀವ ಬಿಡಾಕೂ ಹೋಗಬ್ಯಾಡ್ರಿ. ಬರದುಕೊಟ್ಟ ಡಾಕ್ಟರನ್ನ ಕೇಳ್ರಿ.

ಆಪ್ಟೊಮೆಟ್ರಿಸ್ಟ್, ಉಡುಪಿ

ಟೀಚರ್ ಹೇಳಿದ್ದಕ್ಕೆ ಒಂದಿಷ್ಟು ಸೇರಿಸ್ತೇನೆ. ಕಣ್ಣು ಉರಿ, ಮರಳು ಬಿದ್ದ ಹಾಗೆ ಆಗೋದು ಇದ್ದರೆ ಮೊದಲೇ ಹೇಳಿ. ರೆಪ್ಪೆಯೊಳಗೆ ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷದಲ್ಲಿ ಎಷ್ಟು ಒದ್ದೆಯಾಗುತ್ತೆ ಅಂತ ನೋಡ್ತಾರೆ. ಒಣಕಣ್ಣು ಸರ್ಜರಿ ನಂತರ ಜೋರಾಗಬಹುದು. ಥೈರಾಯ್ಡ್ ಕೂಡ ನೋಡಿಸಿ. ಬೆಳಿಗ್ಗೆ ಸರಿ ಇದ್ದು ಸಂಜೆಗೆ ರೆಪ್ಪೆ ಬೀಳುತ್ತೆ ಅಂದರೆ ಮಯಸ್ತೇನಿಯಾ ಅನ್ನೋ, ಸ್ನಾಯು ಬೇಗ ಸೋಲುವ ಕಾಯಿಲೆ ಇರಬಹುದು, ಅದಕ್ಕೆ ಮೊದಲ ಮದ್ದು ಮಾತ್ರೆ, ಕತ್ತರಿಯಲ್ಲ. ಇನ್ಶೂರೆನ್ಸ್ ಬರೀ ಚಂದಕ್ಕೆ ಮಾಡಿಸಿದರೆ ಕೊಡೋದಿಲ್ಲ. ನೋಟಕ್ಕೆ ಅಡ್ಡಿ ಇದ್ದರೆ ವಿಶುವಲ್ ಫೀಲ್ಡ್ ಪರೀಕ್ಷೆಯ (ನೇರ ನೋಡುವಾಗ ಸುತ್ತ ಎಷ್ಟು ಕಾಣುತ್ತೆ ಅಂತ ನೋಡೋದು) ವರದಿ ಇಟ್ಟುಕೊಂಡು ಕೇಳಿ.

ಅಂಗಡಿ ಅಕ್ಕ, ತುಮಕೂರು

ಹತ್ತು ದಿನ ಆದಮೇಲೆ ಬರೀತಿದ್ದೀನಿ. ಬೆಂಗಳೂರಿಗೆ ಹೋಗಿ ತೋರಿಸಿದೆ. ಸ್ಕೇಲ್ ಹಿಡಿದೇ ಅಳೆದರು ಟೀಚರ್! ಎಡಗಣ್ಣು 4, ಬಲಗಣ್ಣು 2. ಬಲಗಡೆ ಸ್ನಾಯುವೇ ಇಳಿದಿದೆಯಂತೆ, ಬ್ಯೂಟಿ ಕ್ಲಿನಿಕ್‌ನವರು ಇದರ ಸೊಲ್ಲೇ ಎತ್ತಿರಲಿಲ್ಲ. ರಕ್ತ ಪರೀಕ್ಷೆಗೆ ಬರೆದಿದ್ದಾರೆ, ಸರ್ಜರಿ ಬೇಕಾದರೆ ಮದುವೆ ಆದಮೇಲೆ ನೋಡೋಣ ಅಂದರು. ಅಲ್ಲಿವರೆಗೆ ಮಡಿಕೆಗೆ ಮೆತ್ತದ ಕಾಡಿಗೆ ಯಾವುದಾದರೂ ಇದೆಯಾ?

ಗಣಿತ ಟೀಚರ್, ಹುಬ್ಬಳ್ಳಿ

ಕೆಳಗಷ್ಟ ಹಚ್ಚ್ರಿ, ಮ್ಯಾಲ ಬಿಡ್ರಿ. ನಾನು ಆರು ವರ್ಷ ಅದ ಮಾಡೀನಿ.